ನದಿಯ ಮೀನನ್ನು ಎಣಿಸಿದವರು

ನದಿಯಲ್ಲಿ ಮೀನು ಕಡಿಮೆಯಾದರೆ ಸಾಕಿದ ಮೀನುಗಳನ್ನು ತಂದು ಬಿಡಬೇಕು ಎಂಬುದು ಸಹಜವಾಗಿ ತೋರುವ ಪರಿಹಾರ. ಅಮೆರಿಕದ ಮೊಂಟಾನಾ ರಾಜ್ಯವೂ ದಶಕಗಳ ಕಾಲ ಹಾಗೆಯೇ ನಂಬಿತ್ತು. ಆ ನಂಬಿಕೆಯನ್ನು ಅಲುಗಿಸಿದ್ದು ಮ್ಯಾಡಿಸನ್ ನದಿಯಲ್ಲಿ ನಡೆದ ಎಣಿಕೆ.

ಹರಿಯುವ ನೀರಿನ ಮೀನನ್ನು ಎಣಿಸುವುದಾದರೂ ಹೇಗೆ? ನೀರಿಗೆ ಮಿತವಾದ ವಿದ್ಯುತ್ತನ್ನು ಹಾಯಿಸಿದಾಗ ಟ್ರೌಟ್ ಮೀನುಗಳು ಸ್ವಲ್ಪ ಹೊತ್ತು ಮಂಕಾಗುತ್ತವೆ. ಅವುಗಳನ್ನು ಬಲೆಯಿಂದೆತ್ತಿ, ಅಳೆದು, ಈಜುರೆಕ್ಕೆಗೆ ಸಣ್ಣ ಗುರುತು ಮಾಡಿ ಬಿಡುತ್ತಾರೆ. ಕೆಲವು ದಿನಗಳ ನಂತರ ಅಲ್ಲಿಯೇ ಮತ್ತೆ ಹಿಡಿಯುತ್ತಾರೆ. ಮೊದಲು 200 ಮೀನುಗಳಿಗೆ ಗುರುತಿಟ್ಟು, ಎರಡನೆಯ ಸಲ ಸಿಕ್ಕ 150ರಲ್ಲಿ 30 ಗುರುತಿನವು ಎಂದಿಟ್ಟುಕೊಳ್ಳೋಣ. ಐದರಲ್ಲಿ ಒಂದಕ್ಕೆ ಗುರುತಿದೆ ಎಂದಾಯಿತು. ಆದ್ದರಿಂದ ಒಟ್ಟು ಮೀನುಗಳು ಸುಮಾರು 1000. ಶಾಲೆಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು.

ಜೀವಶಾಸ್ತ್ರಜ್ಞ ಡಿಕ್ ವಿನ್ಸೆಂಟ್ ಈ ಬಗೆಯ ಎಣಿಕೆಯಿಂದ ಕಂಡುಕೊಂಡದ್ದು ಅನಿರೀಕ್ಷಿತವಾಗಿತ್ತು. ಮ್ಯಾಡಿಸನ್‌ನ ಒಂದು ಭಾಗದಲ್ಲಿ ಸಾಕಿದ ಮೀನು ಬಿಡುವುದನ್ನು ನಿಲ್ಲಿಸಿದಾಗ, ನದಿಯಲ್ಲಿಯೇ ಹುಟ್ಟಿ ಬೆಳೆಯುವ ಟ್ರೌಟ್‌ಗಳು ಹೆಚ್ಚಿದವು. ಓಡೆಲ್ ತೊರೆಯಲ್ಲಿ ಹೊಸದಾಗಿ ಬಿಡತೊಡಗಿದಾಗ ಅಲ್ಲಿಯವು ಕುಗ್ಗಿದವು. ಸಹಾಯವೆಂದು ಮಾಡಿದ್ದೇ ಹಾನಿಯಾಗಿತ್ತು. ವಿರೋಧ ಬಂದರೂ 1974ರಲ್ಲಿ ರಾಜ್ಯವು, ಸ್ವಂತ ಬಲದಿಂದ ಟ್ರೌಟ್ ಸಂತತಿ ಉಳಿಯಬಲ್ಲ ನದಿಗಳಲ್ಲಿ ಸಾಕಿದ ಮೀನು ಬಿಡುವುದನ್ನು ಕೈಬಿಟ್ಟಿತು.

ಎಣಿಕೆ ಮಾತ್ರ ನಿಲ್ಲಲಿಲ್ಲ. 1990ರ ದಶಕದಲ್ಲಿ ಮೇಲಣ ಮ್ಯಾಡಿಸನ್‌ನ ರೇನ್‌ಬೋ ಟ್ರೌಟ್‌ಗಳು ಸುಮಾರು ಶೇಕಡ 90ರಷ್ಟು ಕುಸಿದವು. ಮರಿಮೀನುಗಳ ಮೃದ್ವಸ್ಥಿಯನ್ನು ಕೆಡಿಸಿ ಅವು ಗಿರಗಿರನೆ ಸುತ್ತುವಂತೆ ಮಾಡುವ ಪರಾವಲಂಬಿ ರೋಗವೇ ಕಾರಣವೆಂದು 1994ರಲ್ಲಿ ತಿಳಿಯಿತು. ಹಳೆಯ ದಾಖಲೆಗಳಿಲ್ಲದಿದ್ದರೆ ನಷ್ಟದ ಪ್ರಮಾಣವೇ ಗೊತ್ತಾಗುತ್ತಿರಲಿಲ್ಲ.

ರೇನ್‌ಬೋ ಟ್ರೌಟ್ ನಮ್ಮ ನೀಲಗಿರಿಗೂ ಅಪರಿಚಿತವಲ್ಲ. ಅವಲಾಂಚಿಯ ಮರಿ ಸಾಕಣೆ ಕೇಂದ್ರ ಆರಂಭವಾದದ್ದು 1907ರಲ್ಲಿ. ಅದಕ್ಕೂ ಮೊದಲೇ, 1879ರಲ್ಲಿ, ನೀಲಗಿರಿಯ ಬೇಟೆಪ್ರಾಣಿ ಹಾಗೂ ಮೀನುಗಳ ಸಂರಕ್ಷಣೆಗಾಗಿ ಪ್ರತ್ಯೇಕ ಕಾಯ್ದೆಯೇ ಬಂದಿತ್ತು. ಆದರೆ ಒಂದು ಭೇದವನ್ನು ಮರೆಯಬಾರದು: ನದಿಯಲ್ಲಿ ಹುಟ್ಟಿದ್ದೆಲ್ಲ ಆ ನದಿಯ ಮೂಲನಿವಾಸಿಯಲ್ಲ. ಮ್ಯಾಡಿಸನ್‌ನಲ್ಲಿಯೂ ನೀಲಗಿರಿಯಲ್ಲಿಯೂ ರೇನ್‌ಬೋ ಟ್ರೌಟ್ ಹೊರಗಿನಿಂದ ಬಂದದ್ದು. ಆದ್ದರಿಂದ ಅದರ ಜೊತೆಗೆ ಸ್ಥಳೀಯ ಮೀನುಗಳ ಲೆಕ್ಕವೂ ಅಗತ್ಯ.

ಕಾಯ್ದೆ ನಿಷೇಧಿಸಬಲ್ಲದು, ದಂಡಿಸಬಲ್ಲದು. ಆದರೆ ಯಾವುದನ್ನು, ಯಾವಾಗ, ಎಷ್ಟು ರಕ್ಷಿಸಬೇಕೆಂಬುದಕ್ಕೆ ಸಾಕ್ಷ್ಯ ಬೇಕು. ನದಿಯ ಪರವಾಗಿ ಆ ಸಾಕ್ಷ್ಯ ನುಡಿಯುವುದು ವರ್ಷವರ್ಷವೂ ತಪ್ಪದೆ ಬರೆದಿಟ್ಟ ಎಣಿಕೆಯ ಪುಸ್ತಕ.