ಸಕ್ಕರೆ ಕಾಯಿಲೆಯವರ ಬಿಪಿ: ಅಳೆಯುವುದು ಹೇಗೆ, ಎಣಿಸುವುದು ಯಾರನ್ನು?

ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಲಿ, ಕೋಟೆ ರಸ್ತೆಯ ಮನೆಯಿಂದ ನಡೆದೇ ಹತ್ತಿರದ ಡಾಕ್ಟರ ಬಳಿ ಹೋಗಲಿ, ವಾಪಸು ಬಂದ ಸಕ್ಕರೆ ಕಾಯಿಲೆಯವರನ್ನು ಮನೆಮಂದಿ ಕೇಳುವುದು ಒಂದೇ: ಶುಗರ್ ಎಷ್ಟಿತ್ತು? ಬಿಪಿ ಎಷ್ಟೆಂದು ಕೇಳುವವರು ಕಡಿಮೆ. ಪಾರ್ಶ್ವವಾಯು, ಹೃದಯಾಘಾತ, ಕಿಡ್ನಿ ವೈಫಲ್ಯ ಇವುಗಳಲ್ಲಿ ಬಿಪಿಯ ಪಾಲು ದೊಡ್ಡದು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ, ಹೆಚ್ಚಿನ ಬಿಪಿ ಎರಡೂ ಇದ್ದ 1,148 ಮಂದಿ ಇದ್ದರು. ಒಂದು ಗುಂಪಿನ ಸರಾಸರಿ ಬಿಪಿ 154/87, ಬಿಗಿಯಾಗಿ ಚಿಕಿತ್ಸೆ ಪಡೆದ ಇನ್ನೊಂದರದ್ದು 144/82. ಎರಡನೆಯ ಗುಂಪಿನಲ್ಲಿ ಪಾರ್ಶ್ವವಾಯು ಶೇ 44ರಷ್ಟು ಕಡಿಮೆಯಾಯಿತು.

ಎರಡು ಗುಂಪುಗಳ ನಡುವೆ ಬಿಪಿಯ ಮೇಲಿನ ಅಂಕಿಯಲ್ಲಿ ಬರೀ ಹತ್ತರ ವ್ಯತ್ಯಾಸ. ಆ ಹತ್ತನ್ನು ತಪ್ಪಾಗಿ ಅಳೆಯುವುದು ಮಾತ್ರ ತೀರಾ ಸುಲಭ. ತೋಳು ಕೆಳಕ್ಕೆ ಜೋತುಬಿದ್ದಿದ್ದರೆ ಆರೇಳು ಅಂಕಿ ಹೆಚ್ಚು ತೋರುತ್ತದೆ. ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಸುತ್ತಿದರೆ ಇಪ್ಪತ್ತರವರೆಗೂ ಏರಬಹುದು. ಮೆಟ್ಟಿಲು ಹತ್ತಿ ಬಂದ ಏದುಸಿರು, ಆಗಷ್ಟೇ ಜಗಿದ ಹೊಗೆಸೊಪ್ಪು, ಕಟ್ಟಿಕೊಂಡ ಮೂತ್ರ, ಅಳೆಯುವಾಗಿನ ಮಾತು ಎಲ್ಲವೂ ಅಂಕಿಯನ್ನು ಮೇಲಕ್ಕೆ ತಳ್ಳುತ್ತವೆ. ಐದು ನಿಮಿಷ ಬೆನ್ನೊರಗಿಸಿ ಕೂರಬೇಕು. ಪಾದ ನೆಲದ ಮೇಲಿರಬೇಕು, ಬರಿದೋಳು ಮೇಜಿನ ಮೇಲೆ ಎದೆಯ ಮಟ್ಟದಲ್ಲಿರಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ ಸರಾಸರಿ ಬರೆದುಕೊಳ್ಳಬೇಕು. ರೋಗಿಗಳು ಸಾಲುಗಟ್ಟಿ ನಿಂತಿರುವಾಗ ಇದಕ್ಕೆ ಬಿಡುವೆಲ್ಲಿ ಎನ್ನಬಹುದು. ಆದರೆ ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವುದಕ್ಕಿಂತ ಆ ಐದು ನಿಮಿಷ ಅಗ್ಗ.

ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಇನ್ನೊಂದು ತೊಡಕಿದೆ. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳೇ ಸೊರಗಿರುತ್ತವೆ. ಕೂತಾಗ ಸರಿಯಾಗಿರುವ ಬಿಪಿ ಎದ್ದು ನಿಂತಾಗ ಕುಸಿಯುತ್ತದೆ. ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿ ಬೀಳುವ ಅಪಾಯ. ಹಾಗಾಗಿ ಇವರ ಬಿಪಿಯನ್ನು ನಿಲ್ಲಿಸಿಯೂ ಅಳೆಯಬೇಕು. ಇದನ್ನು ನೀವಾಗಿಯೇ ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಎಷ್ಟಿದ್ದರೆ ಹತೋಟಿಯಲ್ಲಿದೆ ಅನ್ನಬಹುದು? ನಮ್ಮ ಸರ್ಕಾರಿ ಕಾರ್ಯಕ್ರಮಗಳಲ್ಲಿ ಬಳಕೆಯಲ್ಲಿರುವ ಗೆರೆ 140/90. ಅಮೆರಿಕದ ಮಧುಮೇಹ ಸಂಘ 130/80ಕ್ಕಿಂತ ಕೆಳಗಿರಲಿ ಎನ್ನುತ್ತದೆ. 2024ರಲ್ಲಿ ಚೀನಾದ ದೊಡ್ಡ ಅಧ್ಯಯನವೊಂದು ಮೇಲಿನ ಅಂಕಿಗೆ 120ರ ಗುರಿಯಿಟ್ಟು ಹೃದಯಾಘಾತ, ಪಾರ್ಶ್ವವಾಯುಗಳಂಥ ಅವಘಡಗಳನ್ನು ಶೇ 21ರಷ್ಟು ತಗ್ಗಿಸಿತು. ಜೊತೆಗೇ ಬಿಪಿ ತೀರಾ ಇಳಿದು ತೊಂದರೆಪಟ್ಟವರೂ ಹೆಚ್ಚಿದರು. ಗೆರೆ ಬದಲಾದರೆ, ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ ಎಂಬ ಆಸ್ಪತ್ರೆಯ ಸಾಧನೆಯ ಅಂಕಿಯೂ ಬದಲಾಗುತ್ತದೆ.

ಅದಕ್ಕಿಂತ ದೊಡ್ಡ ಪ್ರಶ್ನೆ, ಯಾರನ್ನು ಲೆಕ್ಕಕ್ಕೆ ಹಿಡಿದಿರಿ ಎಂಬುದು. ನೂರು ಜನ ನೋಂದಾಯಿಸಿಕೊಂಡಿದ್ದಾರೆ, ಅರವತ್ತು ಜನ ಬಂದರು, ನಲವತ್ತೈದು ಜನರ ಬಿಪಿ ಸರಿಯಿತ್ತು ಅಂದುಕೊಳ್ಳಿ. ಬಂದವರನ್ನಷ್ಟೇ ಎಣಿಸಿದರೆ ಶೇ 75, ಎಲ್ಲರನ್ನೂ ಎಣಿಸಿದರೆ ಶೇ 45. ನನಗೆ ಎರಡನೆಯದೇ ಪ್ರಾಮಾಣಿಕ ಲೆಕ್ಕ. ಬಾರದ ಆ ನಲವತ್ತು ಜನರಲ್ಲಿ ಮಾತ್ರೆ ಬಿಟ್ಟವರೆಷ್ಟು, ಬಸ್ ಚಾರ್ಜಿಗೆ ತತ್ವಾರವಾದವರೆಷ್ಟು ಎಂದು ತಿಳಿಯಲು ಅವರ ಹೆಸರು ಪಟ್ಟಿಯಲ್ಲಿ ಉಳಿದಿರಬೇಕು. ಆಗಷ್ಟೇ ಆಶಾ ಕಾರ್ಯಕರ್ತೆಗೆ ಯಾವ ಮನೆಯ ಬಾಗಿಲು ತಟ್ಟಬೇಕೆಂದು ಗೊತ್ತಾಗುತ್ತದೆ.