ಬಾಲಕಿಯರ ವಕ್ರದಂತಗಳೂ ಉಪಾಧ್ಯಾಯಿನಿಯರ ತಿಳಿವಳಿಕೆಯೂ

ಹಲ್ಲುಗಳಿಗೆ ತಂತಿ ಕಟ್ಟಿಸಿಕೊಂಡು ಶಾಲೆಗೆ ಬರುವ ಬಾಲಕಿಯರನ್ನು ತಾಯ್ತಂದೆಗಳು ನೋಡಿರಬಹುದು. ಜನರು ಇದನ್ನು ಕ್ಲಿಪ್ಪು ಹಾಕಿಸುವುದೆನ್ನುತ್ತಾರೆ. ಇದು ಕೇವಲ ಅಂದಚೆಂದದ ಆಸೆಯೆಂಬ ಭಾವನೆ ಮನೆಗಳಲ್ಲಿ ಮಾತ್ರವಲ್ಲ, ಉಪಾಧ್ಯಾಯಿನಿಯರಲ್ಲಿಯೂ ಉಂಟು. ಶಿಕ್ಷಕಿಯರ ತರಬೇತಿಯಲ್ಲಿ ನಮಗೆ ಹಲ್ಲುಜ್ಜುವ ಕ್ರಮವನ್ನೂ ಹುಳುಕಿನ ವಿಷಯವನ್ನೂ ಕಲಿಸಿದರೇ ಹೊರತು, ಹಲ್ಲಿನ ಸಾಲು ಕೆಡುವುದೇಕೆಂಬುದನ್ನು ಕಲಿಸಲಿಲ್ಲ. “ದೊಡ್ಡವಳಾದರೆ ತಾನೇ ಸರಿಹೋಗುವುದು” ಎಂಬ ಸಮಾಧಾನದ ಮಾತು ಶಾಲೆಯಲ್ಲಿಯೂ ಕೇಳಿಬರುವುದು ಇದರಿಂದಲೇ.

ಹಾಲುಹಲ್ಲುಗಳು 20. ಅವು 6ನೆಯ ವಯಸ್ಸಿನ ಸುಮಾರಿಗೆ ಬೀಳತೊಡಗಿ, 12-13ರ ಹೊತ್ತಿಗೆ ಸಾಮಾನ್ಯವಾಗಿ 28 ಶಾಶ್ವತದಂತಗಳು ಮೂಡುತ್ತವೆ. ಹೇಗೂ ಬೀಳತಕ್ಕ ಹಲ್ಲೆಂದು ಹುಳುಕನ್ನು ಉಪೇಕ್ಷಿಸಿ, ಹಾಲಿನ ದವಡೆಹಲ್ಲನ್ನು ಅಕಾಲದಲ್ಲಿ ಕೀಳಿಸಿದರೆ, ಪಕ್ಕದ ಹಲ್ಲು ಆ ತೆರಪಿಗೆ ವಾಲುತ್ತದೆ. ಬರತಕ್ಕ ಹಲ್ಲಿಗೆ ಎಡೆಯಿಲ್ಲದೆ ಅದು ಓರೆಯಾಗಿ ಹೊರಡುತ್ತದೆ. ಬಹುಕಾಲ ಬೆರಳು ಚೀಪುವುದರಿಂದ ಮುಂದಿನ ಹಲ್ಲುಗಳು ಉಬ್ಬುವುದುಂಟು. ಅನೇಕರಲ್ಲಿ ಇದು ವಂಶದಿಂದ ಬಂದುದು. ಮಗುವನ್ನು ಗದರಿಸಿ ಫಲವಿಲ್ಲ. ಉಬ್ಬಿದ ಹಲ್ಲು ಆಟದಲ್ಲಿ ಬಿದ್ದಾಗ ಬೇಗನೆ ಮುರಿಯುತ್ತದೆ. ಇಕ್ಕಟ್ಟಾದ ಸಾಲನ್ನು ಶುಚಿಮಾಡುವುದು ಕಷ್ಟ. ಹೀಗಿರಲು ಇದನ್ನು ಶೃಂಗಾರದ ಮಾತೆಂದು ತಳ್ಳಿಹಾಕುವುದೆಂತು?

ಅಮೆರಿಕದ ದಂತವಕ್ರತಾ ತಜ್ಞರ ಸಂಘವು 7ನೆಯ ವಯಸ್ಸಿನೊಳಗೆ ಒಮ್ಮೆ ಪರೀಕ್ಷೆ ಮಾಡಿಸಬೇಕೆಂದು ಸಲಹೆ ಕೊಡುತ್ತದೆ. ಆಗಲೇ ತಂತಿ ಬೇಕೆಂದು ಇದರ ಅರ್ಥವಲ್ಲ. ಮದುವೆಯ ಮಾತು ಬಂದಾಗ ನೋಡೋಣವೆನ್ನುವ ತಾಯಂದಿರಿಗೆ ನಮ್ಮ ಅರಿಕೆಯೇನೆಂದರೆ, ದೊಡ್ಡವರಿಗೂ ಚಿಕಿತ್ಸೆಯುಂಟು. ಆದರೆ ದವಡೆಯ ಬೆಳವಣಿಗೆಯನ್ನು ತಿದ್ದಬೇಕಾದರೆ ಅದು ಬೆಳೆಯುತ್ತಿರುವಾಗಲೇ ಸುಲಭ. ತಂತಿಯ ಮೆಲ್ಲನೆಯ ಒತ್ತಡದಿಂದ ಹಲ್ಲಿನ ಒಂದು ಕಡೆಯ ಎಲುಬು ಕರಗಿ, ಇನ್ನೊಂದು ಕಡೆ ಹೊಸದಾಗಿ ಕೂಡುತ್ತದೆ. ಆದುದರಿಂದಲೇ ಸುಮಾರು ಒಂದೂವರೆ ಎರಡು ವರ್ಷ ಹಿಡಿಯುತ್ತದೆ.

ಬಾಯಿಗೆ ಕೈ ಅಡ್ಡವಿಟ್ಟು ಪದ್ಯ ಓದುವ ಹುಡುಗಿಯನ್ನು ಮೊದಲು ಕಾಣುವವಳು ಉಪಾಧ್ಯಾಯಿನಿಯೇ. ಅಡ್ಡಹೆಸರುಗಳು ಹುಟ್ಟುವುದೂ ತರಗತಿಯಲ್ಲಿಯೇ. ಅವನ್ನು ಅಲ್ಲಿಯೇ ಅಡಗಿಸತಕ್ಕದ್ದು. ತಂತಿಯುಳ್ಳವಳಿಗೆ ಊಟದ ಬಳಿಕ ಹಲ್ಲುಜ್ಜಲು ಸಮಯ ಕೊಡಬೇಕು. ಚಕ್ಕುಲಿ, ಕಬ್ಬು, ಕಡಲೆಮಿಠಾಯಿಗಳು ಕೂಡವು. ತಂತಿ ತೆಗೆದ ಮೇಲೆ, ಹಲ್ಲುಗಳು ಹಿಂದಕ್ಕೆ ಸರಿಯದಂತೆ ತೊಡುವ ಪಟ್ಟಿಯನ್ನು ಊಟದ ಕಾಗದದಲ್ಲಿ ಸುತ್ತಿಟ್ಟು, ಕಾಗದದೊಡನೆ ಎಸೆದುಬಿಡುವ ಮಕ್ಕಳುಂಟು! ಅದಕ್ಕೊಂದು ಡಬ್ಬಿ ಅವಶ್ಯ.

ವೆಚ್ಚವು ಅಲ್ಪವಲ್ಲವೆಂಬುದು ನಿಜ. ಮಣಿಪಾಲದಲ್ಲಿ 1965ರಲ್ಲಿಯೂ ಬೆಂಗಳೂರಿನಲ್ಲಿ ಸರಕಾರದಿಂದ 1958ರಲ್ಲಿಯೂ ದಂತವೈದ್ಯ ಕಾಲೇಜುಗಳು ಸ್ಥಾಪಿತವಾದುವು. ಇಂಥ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖಾಸಗಿ ವೈದ್ಯರಿಗಿಂತ ಕಡಮೆ ಹಣ ತಗಲುತ್ತದೆ. ಪಾಲಕರು ಮೊದಲು ಅಲ್ಲಿ ವಿಚಾರಿಸಬಹುದು. ತಂತಿ ಬಿಗಿಸಲು ತಿಂಗಳಿಗೊಮ್ಮೆ ಹೋಗಬೇಕಾದವರಿಗೆ ಅರ್ಧ ದಿನದ ರಜೆಯನ್ನು ನಾವು ಸಂತೋಷದಿಂದ ಕೊಡುವೆವು.