ಅಂಗಾಲಿನ ಗೆರೆ ಮತ್ತು ನಾನು ಕೊಟ್ಟ ಅರ್ಧ ಉತ್ತರ

ಹತ್ತನೇ ತರಗತಿಗೆ ಅನುವಂಶೀಯತೆಯ ಪಾಠದಲ್ಲಿ ಭಿನ್ನತೆಯನ್ನು ತೋರಿಸಲು ಬೆರಳಚ್ಚಿನ ಬದಲು ಅಂಗಾಲಿನ ಅಚ್ಚನ್ನು ಆರಿಸಿಕೊಂಡೆ. ಬೆರಳಚ್ಚು ಮಕ್ಕಳಿಗೆ ಆಧಾರ್ ಕಾರ್ಡಿನಿಂದಲೇ ಗೊತ್ತು. ಅಂಗಾಲಿನಲ್ಲೂ ಅಂಥದೇ ಉಬ್ಬುಗೆರೆಗಳಿವೆ ಎಂಬುದು ಅವರಿಗೆ ಹೊಸದು. ಹೆಬ್ಬೆರಳ ಬುಡದ ಉಬ್ಬಿಗೆ ಪೆನ್ಸಿಲ್ ಪುಡಿ ಉಜ್ಜಿ, ಸೆಲೋಟೇಪ್ ಅಂಟಿಸಿ ತೆಗೆದು ಬಿಳಿ ಹಾಳೆಗೆ ಹಚ್ಚಿದರೆ ವಿನ್ಯಾಸ ಕಾಣುತ್ತದೆ. (ಸ್ಟಾಂಪ್ ಪ್ಯಾಡಿನ ಶಾಯಿ ಬೇಡ. ಮನೆಯಲ್ಲಿ ಪ್ರಯತ್ನಿಸಿ ನೆಲವೆಲ್ಲ ನೀಲಿ ಮಾಡಿಕೊಂಡೆ.)

ಕಮಾನು, ಕುಣಿಕೆ, ಸುಳಿ ಎಂಬ ಮೂರು ಬಗೆಗಳನ್ನು ಮಕ್ಕಳೇ ಗುರುತಿಸಿದರು. ಗರ್ಭದಲ್ಲಿ ಮೂರನೇ ತಿಂಗಳ ಸುಮಾರಿಗೆ ಈ ಗೆರೆಗಳು ಮೂಡತೊಡಗುತ್ತವೆ. ಆಗ ಭ್ರೂಣದ ಅಂಗೈ, ಅಂಗಾಲುಗಳ ಮೇಲೆ ಮೆತ್ತೆಯಂಥ ಉಬ್ಬುಗಳಿರುತ್ತವೆ. ಉಬ್ಬು ಎತ್ತರವಾಗಿದ್ದರೆ ಸುಳಿ, ತಗ್ಗಾಗಿದ್ದರೆ ಕಮಾನು, ಒಂದು ಕಡೆ ವಾಲಿದ್ದರೆ ಕುಣಿಕೆ ಆಗುವ ಸಂಭವ ಹೆಚ್ಚು. ಇದರಲ್ಲಿ ವಂಶವಾಹಿಗಳ ಪಾತ್ರವಿದೆ, ಗರ್ಭದೊಳಗಿನ ಸಣ್ಣಪುಟ್ಟ ಸನ್ನಿವೇಶಗಳದ್ದೂ ಇದೆ. ಅದಕ್ಕೇ ತದ್ರೂಪಿ ಅವಳಿಗಳ ಗೆರೆಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ.

"ಈ ವಿನ್ಯಾಸಗಳ ಪ್ರಮಾಣ ಒಂದು ಜನಸಮುದಾಯದಿಂದ ಇನ್ನೊಂದಕ್ಕೆ ಬದಲಾಗುತ್ತದೆ" ಎಂದೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಹಂಗಾದ್ರೆ ಕಾಲು ನೋಡಿ ಜಾತಿ ಹೇಳ್ಬಹುದಾ ಸರ್?" ತರಗತಿ ನಕ್ಕಿತು. ಅಚ್ಚು ಕೊಡಲು ಚಪ್ಪಲಿ ಬಿಟ್ಟಿದ್ದ ಹುಡುಗಿಯೊಬ್ಬಳು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. "ಹಾಗೆಲ್ಲ ಆಗಲ್ಲ" ಎಂದು ಮುಂದೆ ಹೋದೆ. ಮಾರ್ಗದರ್ಶಕ ಶಿಕ್ಷಕಿ ಅವಲೋಕನ ಪುಸ್ತಕದಲ್ಲಿ ಬರೆದದ್ದು ಎರಡೇ ಪದ: "ಯಾಕೆ ಆಗಲ್ಲ?"

ಮರುದಿನ ಎರಡು ಚೀಲ ಒಯ್ದೆ. ಒಂದರಲ್ಲಿ 30 ಅವರೆಕಾಳು, 70 ಕಡಲೆಕಾಳು. ಇನ್ನೊಂದರಲ್ಲಿ 45 ಅವರೆ, 55 ಕಡಲೆ. ಆ ಹುಡುಗನನ್ನೇ ಕರೆದು ಕೈಗೆ ಒಂದು ಅವರೆಕಾಳು ಕೊಟ್ಟು, ಯಾವ ಚೀಲದ್ದು ಎಂದೆ. ತಿರುಗಿಸಿ ಮುರುಗಿಸಿ ನೋಡಿದ. "ಎರಡರಲ್ಲೂ ಐತಲ್ಲ ಸರ್!"

ಅಂಗಾಲಿನ ವಿಷಯವೂ ಇಷ್ಟೇ. ಬಗೆಗಳು ಎಲ್ಲ ಜನರಲ್ಲೂ ಅವೇ, ಬದಲಾಗುವುದು ಪಾಲು. ಕೈಬೆರಳುಗಳಲ್ಲಿ ಪೂರ್ವ ಏಷ್ಯಾದವರಿಗೆ ಯುರೋಪಿನವರಿಗಿಂತ ಸುಳಿ ಹೆಚ್ಚು, ಆದರೆ ಸುಳಿಯಿಲ್ಲದ ಜನಾಂಗವಿಲ್ಲ. ಫ್ರಾನ್ಸಿಸ್ ಗಾಲ್ಟನ್ ಬೆರಳಚ್ಚಿನಲ್ಲಿ ಜನಾಂಗದ ಗುರುತು ಸಿಕ್ಕೀತೆಂದು ಆಸೆಯಿಂದಲೇ ಹುಡುಕಿದ್ದರು. ಯಾವ ಜನಾಂಗಕ್ಕೂ ಅದರದೇ ಆದ ವಿನ್ಯಾಸವಿಲ್ಲವೆಂದು 1892ರ ತಮ್ಮ ಪುಸ್ತಕದಲ್ಲಿ ಅವರೇ ಒಪ್ಪಿಕೊಳ್ಳಬೇಕಾಯಿತು.

"ಒಂದು ಹಿಡಿ ಕಾಳು ತೆಗೆದ್ರೆ?" ಎಂದು ಹುಡುಗ ಬಿಡಲಿಲ್ಲ. ಹಿಡಿ ದೊಡ್ಡದಾದಷ್ಟೂ ಚೀಲದ ಊಹೆ ಸರಿಯಾಗುತ್ತದೆ ಎಂದು ಎಣಿಸಿ ತೋರಿಸಿದೆ. ಅಷ್ಟಾದರೂ ಒಂಟಿ ಕಾಳಿನ ಬಗ್ಗೆ ಏನೂ ಗೊತ್ತಾಗಲಿಲ್ಲ. ಪರಿಷ್ಕರಿಸಿದ ಪಾಠಯೋಜನೆಯಲ್ಲಿ ಚೀಲಗಳನ್ನು ಅಂಗಾಲಿನ ಅಚ್ಚಿಗಿಂತ ಮೊದಲೇ ಇಟ್ಟಿದ್ದೇನೆ.